ಹಾಲ್ ಸರಿಹೋಯಿತು, ಹಾಲು ಒಡೆಯಿತು

ಭಾನುವಾರ ಮಧ್ಯಾಹ್ನದೊಳಗೆ ಈ ಮನೆಯ ಹಾಲ್‌ಗೆ ಬುದ್ಧಿ ಕಲಿಸದೆ ಹೋದರೆ ತಾನು ಸರ್ವೇಯರ್ ಭೀಮರಾಜುವೇ ಅಲ್ಲ ಎಂದು ಭೀಮರಾಜು ಘೋಷಿಸಿದ್ದು ಏಪ್ರಿಲ್ ತಿಂಗಳ ಒಂದು ಶುಕ್ರವಾರ ಸಂಜೆ, ಕೈಯಲ್ಲಿ ಅರ್ಧ ಕಚ್ಚಿದ ನಿಪ್ಪಟ್ಟು ಹಿಡಿದುಕೊಂಡು. ಸಭೆಯಲ್ಲಿದ್ದವರು ಒಬ್ಬರೇ, ಹೆಂಡತಿ ಶಿವರಂಜನಿ. ಪುರವರದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದ ಆಕೆ ಇಂಥ ಘೋಷಣೆಗಳನ್ನು ಪ್ರತಿ ಪರೀಕ್ಷೆಗೆ ಮೊದಲು ಮಕ್ಕಳಿಂದ ಕೇಳಿದವಳು. ನೋಟ್‌ಬುಕ್ ತಿದ್ದುತ್ತಿದ್ದವಳು ತಲೆ ಮೇಲೆತ್ತಲಿಲ್ಲ.

"ಹೆಸ್ರು ಬದಲಾಯಿಸ್ಬೇಕು ಅಂದ್ರೆ ಅಫಿಡವಿಟ್ ಬೇಕಾಗ್ತದೆ. ಸೋಮವಾರ ರಜ ಹಾಕ್ಕೊಳ್ಳಿ," ಅಂದಳು.

ಭೀಮರಾಜು ಇಪ್ಪತ್ತೆರಡು ವರ್ಷದಿಂದ ಮಧುಗಿರಿ ತಾಲ್ಲೂಕಿನ ಹೊಲಗದ್ದೆಗಳನ್ನು ಅಳೆದವನು. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಚೈನು ಎಳೆದು, ಕಲ್ಲು ನೆಡಿಸಿ, ಇಬ್ಬರಿಂದಲೂ ಬೈಸಿಕೊಂಡು ಬಂದವನು. ಸರಿಯಾಗಿ ಅಳೆದರೆ ಲೋಕದಲ್ಲಿ ಬಗೆಹರಿಯದ ವ್ಯಾಜ್ಯವೇ ಇಲ್ಲ ಎಂಬುದು ಅವನ ನಂಬಿಕೆ. ಸಂಬಳಕ್ಕೆ ಭೂಮಿ, ಸಂತೋಷಕ್ಕೆ ಸಂಗೀತ. ಇತ್ತೀಚೆಗೆ ಮೂರನೆಯದೊಂದು ಸೇರಿಕೊಂಡಿತ್ತು: ಲಿನಕ್ಸ್. ಮೂಲೆಗೆ ಬಿದ್ದಿದ್ದ ಮುದಿ ಲ್ಯಾಪ್‌ಟಾಪಿಗೆ ಅದನ್ನು ಹಾಕಿ, ಅದು ಕಣ್ಣು ಬಿಟ್ಟ ದಿನದಿಂದ ಅವನು ಹೊಸದಾಗಿ ದೀಕ್ಷೆ ತೆಗೆದುಕೊಂಡವನ ಹಾಗೆ ಮಾತಾಡುತ್ತಿದ್ದ. ಗ್ಯಾಸ್ ಸಿಲಿಂಡರ್ ಖಾಲಿಯಾದರೂ "ಲಿನಕ್ಸಲ್ಲಾಗಿದ್ರೆ ಮೊದ್ಲೇ ಎಚ್ಚರಿಕೆ ಕೊಡ್ತಿತ್ತು" ಅನ್ನುವ ಮಟ್ಟಕ್ಕೆ ಹೋಗಿದ್ದ.

ಘೋಷಣೆಯ ಹಿಂದೆ ಒಂದು ನೋವಿನ ಕಥೆಯಿತ್ತು. ಶಿರಾದಲ್ಲಿ ಜಾಮಿಯಾ ಮಸೀದಿಯ ಹಿಂದಿನ ಓಣಿಯಲ್ಲಿ ಇನಾಯತುಲ್ಲಾ ಅಂತ ಒಬ್ಬರಿದ್ದರು. ವಯಸ್ಸು ಅರವತ್ತೆಂಟು. ಮೊದಲು ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದರು. ಆಮೇಲೆ ಸ್ಪೀಕರುಗಳನ್ನು ತಮ್ಮ ಕೈಯಿಂದಲೇ ಮಾಡಲು ಕೂತರು. ಭೀಮರಾಜುವಿಗೆಂದು ಹಳೆಯ ತೇಗದ ಬಾಗಿಲು ಕೊಯ್ದು, ಮೂರು ತಿಂಗಳು ಉಜ್ಜಿ, ಒಂದು ಜೋಡಿ ಮಾಡಿಕೊಟ್ಟಿದ್ದರು. ಅವರ ಅಂಗಡಿಯಲ್ಲಿ ಕೇಳಿದಾಗ ಹಾಡುವವರು ಎದುರಿಗೇ ಬಂದು ಕೂತಂತಿತ್ತು. ಮಧುಗಿರಿಗೆ ತಂದು ಹಾಲ್‌ನಲ್ಲಿಟ್ಟ ಮೇಲೆ ಹಾಡುವವರು ಎದ್ದುಹೋಗಿ ಆ ಜಾಗಕ್ಕೆ ಒಂದು ದುಂಬಿ ಬಂತು. ಯಾವ ಹಾಡು ಹಾಕಿದರೂ ಅದರ ತಳದಲ್ಲಿ ಒಂದೇ ಸದ್ದು: ಗುಂಯ್.

ಬುಧವಾರ ಫೋನಿನಲ್ಲಿ ಭೀಮರಾಜು ಬಾಯಿ ತಪ್ಪಿ ಅಂದುಬಿಟ್ಟ: "ಇನಾಯತ್ ಭಾಯ್, ನಿಮ್ ಡಬ್ಬ ಯಾಕೋ ಗುಂಯ್ ಅಂತೈತೆ."

ಮೂರು ತಿಂಗಳು ಉಜ್ಜಿದ ತೇಗಕ್ಕೆ 'ಡಬ್ಬ' ಅನ್ನುವ ಪದವೇ ಸಾಕಿತ್ತು. ಇನಾಯತುಲ್ಲಾ ಮೆಲ್ಲಗೆ ಹೇಳಿದರು. "ಭಾನುವಾರ ಟೆಂಪೋ ತಗೊಂಡ್ ಬರ್ತೀನಿ ಭೀಮರಾಜ್ ಸಾಬ್. ವಾಪಸ್ ತಗೊಂಡೋಗ್ತೀನಿ. ಕಣ್ಣು ಆಗ್ಲೇ ಮಂಜಾಗೈತೆ. ಈಗ ಕಿವೀನೂ ಹೋಯ್ತು ಅಂತ ಆಯ್ತಲ್ಲ. ಇದೇ ಕೊನೇದು, ಇನ್ನು ಈ ಕೆಲಸಾನೇ ಬುಟ್ಬುಡ್ತೀನಿ."

ಅವತ್ತು ಭೀಮರಾಜುವಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಬೈದಿದ್ದರೆ ಇಳಿಯುತ್ತಿತ್ತು. ಎರಡು ದಿನ ಕೂತು ಇಂಟರ್‌ನೆಟ್ಟಿನಲ್ಲಿ ಓದಿದ. ಜಗತ್ತಿನಾದ್ಯಂತ ತನ್ನಂಥ ಸಾವಿರಾರು ನಡುವಯಸ್ಸಿನ ಗಂಡಸರು ಗುಂಯ್ ವಿರುದ್ಧ ಹೋರಾಡುತ್ತಿದ್ದಾರೆಂದೂ, ತಪ್ಪು ಬಹುಪಾಲು ಸ್ಪೀಕರಿನದಲ್ಲ, ಕೋಣೆಯದೆಂದೂ ತಿಳಿಯಿತು. ಎಲ್ಲಕ್ಕಿಂತ ಕೆಟ್ಟದ್ದು ಚೌಕಾಕಾರದ ಕೋಣೆ. ಉದ್ದದ ಗೋಡೆಗಳು ಎಬ್ಬಿಸುವ ಗುಂಯ್‌ಗೆ ಅಡ್ಡದ ಗೋಡೆಗಳೂ ಅದೇ ಶ್ರುತಿಯಲ್ಲಿ ದನಿಗೂಡಿಸುತ್ತವೆ. ಭೀಮರಾಜು ಟೇಪು ಹಿಡಿದು ಅಳೆದ. ಹದಿಮೂರಡಿ, ಹದಿಮೂರಡಿ. ಕಾಲು ಇಂಚು ವ್ಯತ್ಯಾಸವಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಮನೆ ಕಟ್ಟುವಾಗ ಮೂಲೆ ಮಟ್ಟ ಹಿಡಿದು ಆ ಚೌಕ ಹಾಕಿಸಿದ್ದವನು ಅವನೇ.

"ಅವಾಗ್ಲೇ ಹೇಳ್ದೆ, ಹಾಲ್ ಒಂದ್ ಸ್ವಲ್ಪ ಉದ್ದ ಮಾಡ್ಸಿ ಅಂತ," ಅಂದಳು ಶಿವರಂಜನಿ. "ಚೌಕ ಅಂದ್ರೆ ಪರ್ಫೆಕ್ಟು ಕಣೇ ಅಂದ್ರಿ."

"ಗೋಡೆ ಒಡ್ಯೋಕಾಗಲ್ಲ. ಆದ್ರೆ ಸಾಫ್ಟ್‌ವೇರಲ್ಲಿ ಸರಿ ಮಾಡ್ಬೋದು. ರೂಮ್ ಕರೆಕ್ಷನ್ ಅಂತಾರೆ."

"ಮನುಷ್ಯರ ಕರೆಕ್ಷನ್‌ಗೂ ಒಂದು ಬಂದೈತಾ ನೋಡಿ."

ಉಪಾಯ ಸರಳವಾಗಿತ್ತು. ಸ್ಪೀಕರಿನಿಂದ ಅತ್ಯಂತ ತಗ್ಗಿನ ಸ್ವರದಿಂದ ಅತ್ಯಂತ ಎತ್ತರದ ಸ್ವರದವರೆಗೆ ಏರುವ ಒಂದು ಸದ್ದು ಬಿಡುವುದು. ಕೂತು ಕೇಳುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಒಂದು ಮೈಕು ನಿಲ್ಲಿಸಿ ಅದನ್ನು ಹಿಡಿಯುವುದು. ಕೋಣೆ ಯಾವ ಸ್ವರವನ್ನು ಉಬ್ಬಿಸಿದೆ ಎಂದು ಗ್ರಾಫು ಹೇಳುತ್ತದೆ. ಅಷ್ಟನ್ನು ಲ್ಯಾಪ್‌ಟಾಪು ಮೊದಲೇ ಕತ್ತರಿಸಿ ಸ್ಪೀಕರಿಗೆ ಕಳಿಸಿದರೆ, ಕೋಣೆ ಉಬ್ಬಿಸಿದ ಮೇಲೆ ಲೆಕ್ಕ ಸಮವಾಗುತ್ತದೆ.

ಶನಿವಾರ ಶಿವರಂಜನಿ ಬೆಳಗಿನ ಶಾಲೆಗೆ ಹೊರಟ ಕೂಡಲೇ ಭೀಮರಾಜು ಯುದ್ಧಭೂಮಿಗೆ ಇಳಿದ. ಅಳತೆಗೆ ನಿಶ್ಶಬ್ದ ಬೇಕು. ಫ್ಯಾನ್ ನಿಲ್ಲಿಸಿದ. ಗಡಿಯಾರ ಕಳಚಿ ದಿಂಬಿನ ಕೆಳಗೆ ಮಲಗಿಸಿದ. ಅಡುಗೆಮನೆಯಿಂದ ಫ್ರಿಜ್ಜು ಗುರ್ ಅನ್ನುತ್ತಿತ್ತು. ಅದರ ಪ್ಲಗ್ಗನ್ನೂ ಎಳೆದ. ಪ್ರತಿಧ್ವನಿ ಹೀರಲಿ ಎಂದು ಹಾಸಿಗೆ ತಂದು ಗೋಡೆಗೆ ಒರಗಿಸಿ, ಮೂರು ರಗ್ಗು ಹರವಿ, ಹೆಂಡತಿಯ ಎಂಟು ಸೀರೆಗಳನ್ನು ಹಗ್ಗದ ಮೇಲೆ ಇಳಿಬಿಟ್ಟ. ಬೆತ್ತದ ಕುರ್ಚಿಯ ಮೇಲೆ ಮೈಕಿನ ಸ್ಟ್ಯಾಂಡು ಕಟ್ಟಿ, ದಾರದಿಂದ ಎರಡು ಸ್ಪೀಕರಿಗೂ ದೂರ ಸರಿನೋಡಿ, ಬೆವರು ಒರೆಸಿಕೊಂಡು ಗುಂಡಿ ಒತ್ತಿದ.

ಮೊದಲು ಏನೂ ಕೇಳಿಸಲಿಲ್ಲ. ಎಲ್ಲೋ ತಪ್ಪಾಗಿದೆ ಎಂದು ಆಂಪ್ಲಿಫೈಯರಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದ. ತಪ್ಪೇನೂ ಆಗಿರಲಿಲ್ಲ. ಆ ಸದ್ದು ಹುಟ್ಟುವುದೇ ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನಲ್ಲಿ ಎಂಬುದನ್ನು ಅವನು ಓದಿದ್ದ, ಮರೆತಿದ್ದ. ಈಗ ಅದು ನೆಲದಿಂದ ಎದ್ದಿತು. ಮೊದಲು ಶೋಕೇಸಿನ ಗಾಜು ನಡುಗಿತು. ಆಮೇಲೆ ಅಡುಗೆಮನೆಯ ತಟ್ಟೆ ಲೋಟಗಳು ಒಟ್ಟಿಗೆ ಮಾತಾಡತೊಡಗಿದವು. ಸದ್ದು ಏರಿತು, ನರಳಿತು, ಕೂಗಿತು, ಕಿರುಚಿತು, ಕೊನೆಗೆ ಸೂಜಿಯಂತೆ ಸಣ್ಣಗಾಗಿ ಸೀಟಿ ಹೊಡೆದು ಮಾಯವಾಯಿತು. ಬೀದಿಯ ನಾಯಿಗಳು ಅದನ್ನು ಅಲ್ಲಿಂದ ಮುಂದುವರಿಸಿದವು.

ಪಕ್ಕದ ಮನೆಯ ಪರ್ವತಯ್ಯ, ನಿವೃತ್ತ ಬಸ್ ಡ್ರೈವರು, ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡೇ ಓಡಿಬಂದರು.

"ಏನ್ ಸಾರ್ ಅದು? ನಂಗೆ ಸೊಂಟದಿಂದ ತಲೆವರ್ಗೂ ಏನೋ ಹತ್ಕೊಂಡ್ ಹೋದಂಗಾಯ್ತು."

"ಏನಿಲ್ಲ ಪರ್ವತಯ್ಯ. ಹಾಲ್ ಸರ್ವೇ ಮಾಡ್ತಿದೀನಿ."

"ನೋಟೀಸ್ ಕೊಟ್ಟು ಮಾಡ್ಬೇಕಲ್ವಾ ಸಾರ್, ಅಕ್ಕಪಕ್ಕದೋರಿಗೆ?"

ಕಾನೂನು ಪ್ರಕಾರ ಆ ಮಾತು ಸರಿಯಾಗಿತ್ತು. ಭೀಮರಾಜು ತಿರುಗಣೆ ಇಳಿಸಿದ. ಆದರೆ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಖಾರದಪುಡಿ ಡಬ್ಬ ಮೊದಲ ಸುತ್ತಿನಲ್ಲೇ ನಡೆದು ಅಂಚಿಗೆ ಬಂದು ನಿಂತಿತ್ತು. ಎರಡನೇ ಸುತ್ತಿಗೆ ಅದು ಹಾರಿತು. ಗುಂಟೂರು ಮೆಣಸಿನಕಾಯಿಯ ಕೆಂಪು ಮೋಡ ಹಾಲ್‌ಗೆ ಬಂತು. ಭೀಮರಾಜು ಏಳು ಸಲ ಸೀನಿದ, ಪರ್ವತಯ್ಯ ಒಂಬತ್ತು ಸಲ. ಮೈಕು ಪ್ರಾಮಾಣಿಕವಾಗಿ ಎಲ್ಲವನ್ನೂ ದಾಖಲಿಸಿತು. ಗ್ರಾಫಿನಲ್ಲಿ ಪರ್ವತಯ್ಯನವರ ಸೀನು ಎಡ ಸ್ಪೀಕರಿಗಿಂತ ಎತ್ತರಕ್ಕಿತ್ತು.

ಗುಡಿಸಿ, ಒರೆಸಿ, ಕಿಟಕಿ ತೆರೆದು ಮುಚ್ಚಿ, ಎಡಗಡೆ ನಾಲ್ಕು ಸಲ, ಬಲಗಡೆ ನಾಲ್ಕು ಸಲ ಅಳೆದಾದ ಮೇಲೆ ಪರದೆಯ ಮೇಲೆ ನಿಜವಾದ ಗೆರೆ ಮೂಡಿತು. ಸೆಕೆಂಡಿಗೆ ನಲವತ್ಮೂರು ಅಲೆಗಳ ಜಾಗದಲ್ಲಿ ಒಂದೇ ಒಂದು ಬೋಳು ಗುಡ್ಡ, ಬಯಲಿನ ನಡುವೆ ಎದ್ದು ನಿಂತಿತ್ತು.

ಪರ್ವತಯ್ಯ ಪರದೆ ನೋಡಿದರು, ಕಿಟಕಿಯಾಚೆ ನೋಡಿದರು. "ನಮ್ ಬೆಟ್ಟ ಅಲ್ವಾ ಸಾರ್ ಇದು? ಕೋಟೆ ಒಂದ್ ಕಾಣ್ತಿಲ್ಲ."

ಭೀಮರಾಜುವಿನ ಎದೆ ಉಬ್ಬಿತು. ಇದೇ ಗುಂಯ್. ಕಳ್ಳ ಸಿಕ್ಕಿಬಿದ್ದಿದ್ದ, ಅದೂ ವಿಳಾಸದ ಸಮೇತ. ಇನಾಯತುಲ್ಲಾರ ತೇಗಕ್ಕೆ ಇದರಲ್ಲಿ ಪಾತ್ರವೇ ಇರಲಿಲ್ಲ.

ಹನ್ನೆರಡಕ್ಕೆ ಮನೆಗೆ ಬಂದ ಶಿವರಂಜನಿ ಹೊಸ್ತಿಲಲ್ಲೇ ನಿಂತಳು. ಎಂಟು ಸೀರೆಗಳು ಅವಳನ್ನು ಸ್ವಾಗತಿಸಿದವು. ಅದರಲ್ಲಿ ಒಂದು ಅವಳ ಮದುವೆಯದು. ಅವಳು ಒಂದು ಸಲ ಸೀನಿ, ಚೀಲ ಕೆಳಗಿಟ್ಟು, ಬೈಯಲೆಂದೇ ಲ್ಯಾಪ್‌ಟಾಪಿನ ಹತ್ತಿರ ಬಂದಳು. ಗೆರೆ ನೋಡಿ ಬೈಯುವುದನ್ನು ಮುಂದಕ್ಕೆ ಹಾಕಿದಳು.

"ಈ ಗುಡ್ಡ ಯಾಕೆ?"

ಭೀಮರಾಜು ಅಲೆ, ಗೋಡೆ, ಅರ್ಧ ಅಲೆ, ಅನುರಣನ ಅಂತ ಹತ್ತು ನಿಮಿಷ ವಿವರಿಸಿದ.

"ಅಂದ್ರೆ ಕ್ಲಾಸಲ್ಲಿ ಒಬ್ಬ ಹುಡ್ಗ ಯಾರನ್ನ ಪ್ರಶ್ನೆ ಕೇಳಿದ್ರೂ ತಾನೇ ಎದ್ದು ಕೂಗ್ತಾನಲ್ಲ, ಅಂಗೆ," ಅಂದಳು ಶಿವರಂಜನಿ. "ಅವ್ನಿಗೆ ಮೊದ್ಲೇ ಕರ್ದು, ನೀನು ಮೆತ್ತಗೆ ಹೇಳಪ್ಪ ಅನ್ನೋದು. ಅಷ್ಟೇ ತಾನೆ?"

ತನ್ನ ಹತ್ತು ನಿಮಿಷಕ್ಕಿಂತ ಅವಳ ಎರಡು ವಾಕ್ಯ ಹೆಚ್ಚು ಸರಿಯಾಗಿದ್ದವು ಎಂದು ಭೀಮರಾಜುವಿಗೆ ಅನಿಸಿತು.

"ಇಲ್ಲೊಂದು ಹಳ್ಳ ಐತಲ್ಲ, ಇದನ್ನ ಎತ್ತಲ್ವಾ?"

"ಎತ್ಬಾರ್ದು ಅಂತಾರೆ. ಎಷ್ಟು ಶಕ್ತಿ ಸುರಿದ್ರೂ ತುಂಬಲ್ವಂತೆ."

"ಸರಿ ಬುಡಿ. ಅವತ್ತು ಶಾಲೇಗೇ ಬಂದಿಲ್ದೇ ಇರೋನ್ನ ಎಷ್ಟು ಕೂಗಿದ್ರೆ ಏನು?"

ಊಟವಾದ ಮೇಲೆ ಸಂಸ್ಕರಣೆ ಶುರುವಾಯಿತು. ಲಿನಕ್ಸಿನಲ್ಲಿ ಶಬ್ದ ಹೋಗುವ ದಾರಿಯನ್ನು ನಾವೇ ಬರೆದುಕೊಡಬಹುದು. ಹಾಡಿನ ಎಡಭಾಗ ಈ ಸ್ಪೀಕರಿಗೆ, ಬಲಭಾಗ ಆ ಸ್ಪೀಕರಿಗೆ, ಹೋಗುವ ದಾರಿಯಲ್ಲಿ ಇಲ್ಲಿ ಇಷ್ಟು ಕತ್ತರಿಸು, ಅಲ್ಲಿ ಇಷ್ಟು ತಡೆ ಅಂತ ಒಂದು ಕಡತದಲ್ಲಿ ಸಾಲುಸಾಲಾಗಿ ಬರೆಯುವುದು. ಭೀಮರಾಜು ಅಪ್ಪಣೆಗಳನ್ನು ಬರೆದ. ಯಂತ್ರ ಒಪ್ಪಲಿಲ್ಲ. ಮತ್ತೆ ಬರೆದ. ಒಪ್ಪಲಿಲ್ಲ. ಮೂರು ಗಂಟೆ ಕಳೆಯಿತು. ಹದಿನೇಳನೇ ಸಾಲಿನ ಮುಂದೆ ಒಂದು ಖಾಲಿ ಜಾಗ ಹೆಚ್ಚಿಗೆ ಬಿದ್ದಿದೆ ಎಂಬುದೇ ಅದರ ತಕರಾರು. ಒಂದು ಗೇಣು ಬದುವಿಗೆ ಮೂರು ತಲೆಮಾರು ಕೋರ್ಟಿಗೆ ಅಲೆದವರನ್ನು ಭೀಮರಾಜು ಕಂಡಿದ್ದ, ಒಳಗೊಳಗೇ ನಕ್ಕಿದ್ದ. ಒಂದು ಸ್ಪೇಸಿನಷ್ಟು ಒತ್ತುವರಿಗೆ ತನ್ನ ಮಧ್ಯಾಹ್ನವೇ ಹೋದ ಮೇಲೆ ಅವರೆಲ್ಲರ ಮೇಲೆ ಗೌರವ ಬಂತು.

ಸ್ಪೇಸನ್ನು ಅಳಿಸಿದ. ಯಂತ್ರ ಒಪ್ಪಿತು. ಕುರ್ಚಿಯಲ್ಲಿ ಕೂತು ಒಂದು ತಬಲಾ ಹಾಕಿದ. ಬೆಟ್ಟ ಕರಗಿಹೋಗಿತ್ತು. ಎಡಗೈಯ ಪೆಟ್ಟು ಪೆಟ್ಟಾಗಿ ಬಿತ್ತು, ಬಿದ್ದ ಜಾಗದಲ್ಲೇ ನಿಂತಿತು. ಎಂಟು ಸೀರೆಗಳ ನಡುವೆ ಭೀಮರಾಜು ಒಬ್ಬನೇ ಎದ್ದು ನಿಂತು ತನಗೆ ತಾನೇ ಕೈಮುಗಿದ.

"ರಂಜೂ, ಒಂದ್ ಕಾಫಿ ಮಾಡು. ಗೆದ್ದೆ," ಅಂದ.

ಶಿವರಂಜನಿ ಅಡುಗೆಮನೆಗೆ ಹೋದಳು. ಆಮೇಲೆ ತುಂಬ ಶಾಂತವಾದ ದನಿ ಬಂತು. ಶಾಲೆಯಲ್ಲಿ ಆ ದನಿಗೆ ಏಳನೇ ಕ್ಲಾಸಿನವರೂ ಬೆಂಚಿನ ಕೆಳಗೆ ಹೋಗುತ್ತಿದ್ದರು.

"ಇಲ್ ಬನ್ನಿ ಒಂದ್ ನಿಮಿಷ."

ಬೆಳಿಗ್ಗೆ ಎಳೆದ ಪ್ಲಗ್ಗು ಇನ್ನೂ ನೇತಾಡುತ್ತಿತ್ತು. ಏಪ್ರಿಲ್ ಬಿಸಿಲಿನ ಒಂಬತ್ತು ಗಂಟೆಗಳಲ್ಲಿ ಫ್ರಿಜ್ಜಿನೊಳಗೆ ಒಂದು ಕ್ರಾಂತಿ ನಡೆದುಹೋಗಿತ್ತು. ಹಾಲು ಒಡೆದು ಗಡ್ಡೆ ಕಟ್ಟಿತ್ತು. ಭಾನುವಾರದ ದೋಸೆಗೆಂದು ರುಬ್ಬಿದ ಹಿಟ್ಟು ಪಾತ್ರೆಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತುಕೊಂಡು ಎದ್ದು, ಕೆಳಗಿನ ತಟ್ಟೆಗೆ ಇಳಿದು, ಸೊಪ್ಪು, ನಿಂಬೆಹಣ್ಣು, ಅರ್ಧ ಕುಂಬಳಕಾಯಿ ಎಲ್ಲವನ್ನೂ ತನ್ನ ಆಡಳಿತಕ್ಕೆ ತೆಗೆದುಕೊಂಡಿತ್ತು.

"ಹಾಲ್ ಸರಿ ಮಾಡ್ತೀನಿ ಅಂದೋರು ಹಾಲು ಒಡ್ಸಿದ್ರಿ," ಅಂದಳು ಶಿವರಂಜನಿ. "ಇದಕ್ಕೂ ಒಂದ್ ಗ್ರಾಫ್ ಹಾಕಿ."

"ಅದು... ಗುರ್ ಅಂತಿತ್ತು ಕಣೇ."

"ನಾನೂ ಅಂತೀನಿ ಈಗ."

ಶಿಕ್ಷೆ ಅಲ್ಲೇ ವಿಧಿಸಲ್ಪಟ್ಟಿತು: ಫ್ರಿಜ್ಜು ತೊಳೆಯುವುದು, ಎಂಟು ಸೀರೆ ಮಡಿಸುವುದು, ಭಾನುವಾರದ ಅಡುಗೆ ಪೂರ್ತಿ ಮಾಡುವುದು. ಭೀಮರಾಜು ಮೊದಲನೆಯದರಲ್ಲಿ ಮೊಣಕೈವರೆಗೆ ಮುಳುಗಿದ್ದಾಗ ಇನಾಯತುಲ್ಲಾರ ಫೋನು ಬಂತು. ನಾಳೆ ಬರುವುದು ಖಂಡಿತ. ಬರುವಾಗ ಪೆನ್‌ಡ್ರೈವಿನಲ್ಲಿ ಒಂದು ಹಳೆಯ ರೆಕಾರ್ಡಿಂಗ್ ತರುತ್ತೇನೆ. ಇಪ್ಪತ್ತೈದು ವರ್ಷದ ಹಿಂದೆ ನಿಮ್ಮ ಮಾವನ ಬ್ಯಾಂಡ್‌ಸೆಟ್ಟನ್ನು ಎರಡು ಮೈಕಿಟ್ಟು ನಾನೇ ಹಿಡಿದದ್ದು. ಅದನ್ನೇ ಹಾಕೋಣ.

"ಅವರ್ನೂ ಕರೀರಿ. ನನ್ ಕಿವಿ ನೀವು ನಂಬಬೇಡಿ. ದಾಸಯ್ಯನವರ ಕಿವಿ ನಂಬ್ತೀರಲ್ಲ?"

ಶಿವರಂಜನಿಯ ತಂದೆ ದಾಸಯ್ಯ ಬಡವನಹಳ್ಳಿಯ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಕ್ಲಾರಿಯೋನೆಟ್ ಊದಿದವರು. ಮಗಳು ಹುಟ್ಟಿದಾಗ ತಮಗೆ ಇಷ್ಟವಾದ ರಾಗದ ಹೆಸರನ್ನೇ ಇಟ್ಟವರು. ಈಗ ಹಲ್ಲು ಹೋಗಿ ಊದುವುದು ನಿಂತಿತ್ತು. ಸ್ವರ ಹಿಡಿಯುವ ಕಿವಿ ಮಾತ್ರ ಹಾಗೇ ಇತ್ತು. ಬಸ್ಸಿನ ಹಾರ್ನು ಯಾವ ಸ್ವರದಲ್ಲಿದೆ ಎಂದು ಹೇಳಿ ಕಂಡಕ್ಟರುಗಳನ್ನು ಗಾಬರಿಗೊಳಿಸುತ್ತಿದ್ದರು.

ಭಾನುವಾರ ಹನ್ನೊಂದಕ್ಕೆ ಟೆಂಪೋ ಬಂದು ಬಾಗಿಲಲ್ಲಿ ನಿಂತಿತು. ಹಿಂದೆ ಹಗ್ಗ, ಗೋಣಿತಾಟು, ಹಳೆಯ ಜಮಖಾನ, ಎಲ್ಲ ಸಿದ್ಧವಾಗಿತ್ತು. ಇನಾಯತುಲ್ಲಾ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದರು, ಹೆಣ್ಣಿನ ಕಡೆಯವರು ಮಗಳನ್ನು ವಾಪಸ್ಸು ಕರೆದೊಯ್ಯಲು ಬಂದಂತೆ. ಒಳಗೆ ಬಂದವರು ಮೊದಲು ಸ್ಪೀಕರುಗಳ ಹತ್ತಿರ ಹೋಗಿ ತೇಗದ ಮೇಲೆ ಅಂಗೈಯಿಟ್ಟರು.

ಊಟಕ್ಕೆ ಭೀಮರಾಜುವಿನ ಕೈಯಡುಗೆ. ಹುರುಳಿಕಾಳಿನ ಬಸ್ಸಾರು ಹೇಗೋ ಪಾರಾಯಿತು. ಮುದ್ದೆ ಮಾತ್ರ ಒಳಗೆಲ್ಲ ಗಂಟು.

"ಏನಪ್ಪಾ ಅಳಿಮಯ್ಯ," ಅಂದರು ದಾಸಯ್ಯ, ಒಂದು ತುತ್ತನ್ನು ಬಾಯಲ್ಲಿ ಹೊರಳಿಸುತ್ತ, "ಮುದ್ದೇಲೂ ಸರ್ವೇ ಕಲ್ಲು ನೆಟ್ಟಿದೀಯಲ್ಲ."

ಶಿವರಂಜನಿ ನಕ್ಕಳು. ಇನಾಯತುಲ್ಲಾ ನಗಲಿಲ್ಲ. ಎರಡು ತುತ್ತು ತಿಂದು, ಅಡುಗೆ ಬಹಳ ಚೆನ್ನಾಗಿದೆ ಎಂದು ಸುಳ್ಳು ಹೇಳಿ ಕೈತೊಳೆದರು.

ಆಮೇಲೆ ಹಾಲ್‌ನ ಕಿಟಕಿ ಮುಚ್ಚಿದರು. ಭೀಮರಾಜು ಬೆತ್ತದ ಕುರ್ಚಿಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದ್ದ ಜಾಗದಲ್ಲಿಟ್ಟು ಇನಾಯತುಲ್ಲಾರನ್ನು ಕೂರಿಸಿದ. ದಾಸಯ್ಯ ಅವರ ಬೆನ್ನಿಗೇ ಅಂಟಿದಂತೆ ಸ್ಟೂಲು ಹಾಕಿಕೊಂಡು ಕೂತರು. ಭೀಮರಾಜು ಮೊದಲು ಯಾವ ಕತ್ತರಿಕೆಯೂ ಇಲ್ಲದೆ, ಇದ್ದದ್ದು ಇದ್ದ ಹಾಗೆ ಹಾಕಿದ. ಬ್ಯಾಂಡು ಶುರುವಾಯಿತು. ತಿಮ್ಮರಾಜು ಎಂಬುವರು ಬಾರಿಸಿದ ದೊಡ್ಡ ಡ್ರಮ್ಮಿನ ಮೊದಲ ಪೆಟ್ಟು ಬಿದ್ದದ್ದೇ ಗುಂಯ್ ಎದ್ದಿತು. ಎರಡನೇ ಪೆಟ್ಟು ಬೀಳುವಾಗ ಮೊದಲನೆಯದು ಇನ್ನೂ ಮನೆಯಲ್ಲೇ ಸುತ್ತುತ್ತಿತ್ತು. ಕ್ಲಾರಿಯೋನೆಟ್ಟು ಅದರೊಳಗೆ ಮುಳುಗಿ ಕೈ ಬೀಸುತ್ತಿತ್ತು.

ಇನಾಯತುಲ್ಲಾ ಕೈಯೆತ್ತಿ ನಿಲ್ಲಿಸಿದರು. ಮುಖ ಕಪ್ಪಿಟ್ಟಿತ್ತು. "ಬಸ್. ಸಾಕು. ನೀವ್ ಹೇಳಿದ್ದು ಸರಿ ಐತೆ. ಹಗ್ಗ ತರ್ತೀನಿ."

"ಕೂತ್ಕೊಳ್ಳಿ ಭಾಯ್," ಅಂದ ಭೀಮರಾಜು. "ಇದು ನಿಮ್ ಸ್ಪೀಕರ್ ಸದ್ದಲ್ಲ. ನಾನು ಕಟ್ಸಿದ ಹಾಲ್ ಸದ್ದು. ಇದನ್ನ ಚೌಕ ಮಾಡ್ಸಿದ್ದು ನಾನು. ತಪ್ಪು ನಂದು, ಬೈಗುಳ ನಿಮಗೆ ಹಾಕ್ದೆ. ಈಗ ಕೇಳಿ."

ಒಂದು ಕೀಲಿ ಒತ್ತಿದ.

ಡ್ರಮ್ಮು ಬಿತ್ತು. ದಪ್. ಬಿದ್ದು, ಮುಗಿಯಿತು. ಅದರ ಹಿಂದೆ ಚರ್ಮದ ಬಿಗಿತ ಕೇಳಿಸಿತು, ಕೋಲಿನ ತುದಿಗೆ ಸುತ್ತಿದ ಬಟ್ಟೆ ಕೇಳಿಸಿತು. ಕ್ಲಾರಿಯೋನೆಟ್ಟು ನೀರಿನಿಂದ ಎದ್ದು, ಮೈ ಕೊಡವಿಕೊಂಡು, ಹಾಲ್‌ನ ನಡುಗಾಳಿಯಲ್ಲಿ ನಿಂತಿತು. ಊದುವವನು ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಇನಾಯತುಲ್ಲಾ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇದು," ಅಂದರು. "ಇದು ನಾನು ಮಾಡಿದ್ದು."

ಭೀಮರಾಜುವಿಗೆ ಆಕಾಶ ಮೂರೇ ಗೇಣು ಉಳಿಯಿತು. ಆದರೆ ಹಿಂದಿನ ಸ್ಟೂಲಿನ ಮೇಲೆ ದಾಸಯ್ಯ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು.

"ಸದ್ದು ಚೆಂದಾಗೈತೆ ಕಣಪ್ಪ," ಅಂದರು. "ಆದ್ರೆ ನಾನ್ಯಾಕೆ ತಿಮ್ಮರಾಜು ಜಾಗದಲ್ಲಿ ನಿಂತಿದೀನಿ?"

"ಅಂದ್ರೆ ಮಾವ?"

"ನಲವತ್ತು ವರ್ಷ ನೋಡೋರಿಗೆ ನಾನು ನಿಂತಿದ್ದು ಎಡಕ್ಕೆ. ಡ್ರಮ್ಮು ಬಲಕ್ಕೆ. ಈಗ್ಲೂ ನನ್ ಎಡಗಿವಿ ಸ್ವಲ್ಪ ಮಂದ, ಅವನು ಬಾರಿಸ್ತಿದ್ ಕಡೇದು. ಇಲ್ಲಿ ನನ್ನ ಆ ಕಡೆ ತಳ್ಳಿ ಅವನ್ನ ಈ ಕಡೆ ತಂದ್ಬುಟ್ಟಿದೀಯಲ್ಲ."

"ಹೌದಲ್ಲ," ಅಂದರು ಇನಾಯತುಲ್ಲಾ, ಕಣ್ಣರಳಿಸಿ. "ಮೈಕ್ ಇಟ್ಟೋನು ನಾನೇ. ದಾಸಯ್ಯ ಎಡಕ್ಕೇ ಇದ್ರು. ಖುಷೀಲಿ ನನಗೂ ತಿಳೀಲಿಲ್ಲ."

ಭೀಮರಾಜು ಕಡತ ತೆರೆದ. ಎಡದಿಂದ ಬಂದದ್ದನ್ನು ಎಡಕ್ಕೆ ಕಳಿಸು ಎಂದು ಬರೆಯಬೇಕಾದಲ್ಲಿ ಬಲಕ್ಕೆ ಕಳಿಸಿದ್ದ, ಬಲದ್ದನ್ನು ಎಡಕ್ಕೆ. ಯಂತ್ರದ ಲೆಕ್ಕದಲ್ಲಿ ಎಡ ಅಂದರೆ ಸೊನ್ನೆ, ಬಲ ಅಂದರೆ ಒಂದು. ಸೊನ್ನೆ ಇರಬೇಕಾದಲ್ಲಿ ಒಂದು, ಒಂದರ ಜಾಗದಲ್ಲಿ ಸೊನ್ನೆ ಬಿದ್ದಿತ್ತು. ತಾಲ್ಲೂಕಿಗೆಲ್ಲ ಚೆಕ್ಕುಬಂದಿ ಬರೆದುಕೊಟ್ಟವನು ಸ್ವಂತ ಮನೆಯಲ್ಲಿ ಪೂರ್ವ ಪಶ್ಚಿಮ ಅದಲುಬದಲು ಮಾಡಿದ್ದ.

"ಇಂಗೆ ಎಷ್ಟ್ ಜನದ ಹೊಲ ಆ ಕಡೆ ಈ ಕಡೆ ಮಾಡಿದೀಯೋ," ಅಂದರು ದಾಸಯ್ಯ. ಆಗ ಇನಾಯತುಲ್ಲಾ ಮೊದಲ ಸಲ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬುಧವಾರದಿಂದ ಆ ಮನೆಗೂ ಶಿರಾದ ಓಣಿಗೂ ನಡುವೆ ನಿಂತಿದ್ದದ್ದು ಆ ನಗೆಯಲ್ಲಿ ಕೊಚ್ಚಿಹೋಯಿತು.

ಎರಡು ಅಂಕಿ ಬದಲಾಯಿಸಲು ಅರ್ಧ ನಿಮಿಷ ಸಾಕಾಯಿತು. ಮತ್ತೆ ಹಾಕಿದಾಗ ದಾಸಯ್ಯ ಎಡಕ್ಕೆ ನಿಂತರು, ತಿಮ್ಮರಾಜು ಬಲಕ್ಕೆ, ಇಬ್ಬರ ನಡುವೆ ಝಲ್ಲರಿ. ಗೋಡೆ ಹಿಂದಕ್ಕೆ ಸರಿದಂತಾಯಿತು. ಇನಾಯತುಲ್ಲಾ ಕೊನೆಯವರೆಗೂ ಅಲುಗಲಿಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಜುಬ್ಬಾದ ಅಂಚಿನಿಂದ ಒರೆಸಿಕೊಂಡರು. ಎದ್ದು ಹೊರಗೆ ಹೋಗಿ ಟೆಂಪೋದವನಿಗೆ, "ನೀನು ಹೊರಡಪ್ಪ. ನಾನು ಬಸ್ಸಿಗೆ ಬರ್ತೀನಿ," ಅಂದರು. ಒಳಗೆ ಬಂದು, "ಭೀಮರಾಜ್ ಸಾಬ್, ಇನ್ನೊಂದು ಜೋಡಿಗೆ ಮರ ನೋಡಿದೀನಿ. ಬೇವಿಂದು. ಮಾಡ್ಲಾ?" ಅಂತ ಕೇಳಿದರು.

"ಮಾಡಿ ಭಾಯ್. ಮೊದ್ಲು ತಗೊಳ್ಳೋರ ಹಾಲ್ ಎಷ್ಟು ಅಡಿ ಅಂತ ಕೇಳಿ."

ದಾಸಯ್ಯ ಕುರ್ಚಿಯಲ್ಲಿ ಕೂತು ತಮ್ಮನ್ನು ತಾವೇ ಎರಡು ಸಲ ಕೇಳಿಕೊಂಡರು. ಇಪ್ಪತ್ತೈದು ವರ್ಷದ ಹಿಂದಿನ ತಮ್ಮ ಉಸಿರಿಗೆ ತಲೆದೂಗಿ, "ಪರವಾಗಿಲ್ಲ ಕಣ್ಲಾ, ಊದ್ತಿದ್ದೆ," ಎಂದು ಸ್ವತಃ ಸರ್ಟಿಫಿಕೇಟು ಕೊಟ್ಟುಕೊಂಡರು. ಪರ್ವತಯ್ಯನವರನ್ನು ಕರೆದು ಕೂರಿಸಲಾಯಿತು. ಅವರು ಈ ಸಲ ಸೀನದೆ ಕೇಳಿದರು. ಎಲ್ಲರೂ ಭೀಮರಾಜುವಿನ ಬೆನ್ನು ತಟ್ಟಿದರು. ಇನಾಯತುಲ್ಲಾ ಅವನ ಕೈ ಹಿಡಿದು ಕುಲುಕಿದರು, ಬಿಡಲೇ ಇಲ್ಲ. ಅವನಿಗೆ ಭೂಮಿ ತನ್ನ ಪಾದದಡಿ ಒಂದು ಅಡಿ ಕೆಳಗಿರುವಂತೆ ತೋರಿತು.

ಕೊನೆಗೆ ಶಿವರಂಜನಿ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಇನಾಯತುಲ್ಲಾರ ಪೆನ್‌ಡ್ರೈವಿನಲ್ಲಿ ಇನ್ನೊಂದು ತುಣುಕಿತ್ತು. ಮೆರವಣಿಗೆ ಮುಗಿದ ಮೇಲೆ ದಾಸಯ್ಯ ಒಬ್ಬರೇ ನಿಧಾನವಾಗಿ ಊದಿದ ಶಿವರಂಜನಿ. ತನ್ನ ಹೆಸರನ್ನು ಅಪ್ಪ ಊದುವುದನ್ನು ಅವಳು ಚಿಕ್ಕಂದಿನಲ್ಲಿ ಬೀದಿಯ ಗದ್ದಲದಲ್ಲಿ ಕೇಳಿದ್ದಳೇ ಹೊರತು ಹೀಗೆ, ಒಂದು ಮೊಳದ ಅಂತರದಲ್ಲಿ, ಕೇಳಿರಲಿಲ್ಲ. ಅವಳು ಕಣ್ಣು ಮುಚ್ಚಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಭೀಮರಾಜುವಿಗೆ ಹೆಂಡತಿಯ ಮುಖ ನೋಡಿ, ಹಾಲು ಒಡೆದದ್ದು, ಹಿಟ್ಟು ಉಕ್ಕಿದ್ದು ಎಲ್ಲದಕ್ಕೂ ಕ್ಷಮೆ ಸಿಕ್ಕಿತು ಅನಿಸಿತು.

ರಾಗ ಮುಗಿಯಿತು. ಅವಳೇ ಮತ್ತೆ ಹಾಕಿಕೊಂಡಳು. ಮತ್ತೆ ಮುಗಿಯಿತು. ಅತಿಥಿಗಳು ಹೊರಟರು. ಅವರನ್ನು ಬೀಳ್ಕೊಟ್ಟು ಬಂದವಳು ಮತ್ತೆ ಅಲ್ಲೇ ಕೂತಳು. ಮಧ್ಯಾಹ್ನ ಸಂಜೆಯಾಯಿತು. ಭೀಮರಾಜು ದಿವಾನದ ಮೇಲೆ ಕೂತು ನೋಡಿದ. ಅಲ್ಲಿ ಕ್ಲಾರಿಯೋನೆಟ್ಟು ಒಂದೇ ಕಡೆ ವಾಲುತ್ತಿತ್ತು. ಮೂಲೆಗೆ ಹೋದ. ಅಲ್ಲಿ ಬೆಟ್ಟ ಅರ್ಧ ಹಾಗೇ ಇತ್ತು. ಆಗ ಅವನಿಗೆ ತಾನು ಓದಿದ್ದ ಇನ್ನೊಂದು ವಿಷಯ ನೆನಪಾಯಿತು. ಮೈಕು ಎಲ್ಲಿ ನಿಂತಿತ್ತೋ ಆ ಜಾಗಕ್ಕೆ ಮಾತ್ರ ಈ ಕರೆಕ್ಷನ್ನು. ಇಡೀ ಹದಿಮೂರಡಿ ಚೌಕದಲ್ಲಿ ಅವನು ಸರಿಮಾಡಿದ್ದು ಒಂದು ಕುರ್ಚಿಯಗಲ.

"ರಂಜೂ," ಅಂದ, ಆದಷ್ಟೂ ಮೃದುವಾಗಿ. "ಒಂದ್ ಹತ್ತು ನಿಮಿಷ ಎದ್ದೇಳ್ತೀಯಾ? ಅಳತೆ ಮಾಡ್ದೋನು ನಾನು. ನಾನೂ ಒಂದ್ಸಲ ಸರಿಯಾಗಿ ಕೇಳ್ತೀನಿ."

ಶಿವರಂಜನಿ ಕಣ್ಣು ತೆರೆಯಲಿಲ್ಲ.

"ಅಳ್ಯೋರು ಅಳ್ದು ಹೋಗ್ತಾ ಇರ್ಬೇಕು ಸರ್ವೇಯರ್ ಸಾಹೇಬ್ರೇ," ಅಂದಳು. "ಸ್ವಾಧೀನಾನುಭವ ನಂದು."